ಕಾವಲ್ ಬೈರಸಂದ್ರದ ಮೊಬೈಲ್ ರಿಪೇರಿ ಅಂಗಡಿ: ನನ್ನ ಫೋನು ಪೊಲೀಸರ ಕೈಗೆ ಹೋಗಿ ಬಂದ ಮೇಲೆ

ಈ ಅಂಗಡಿಗೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ಅದು ಯಜಮಾನರೇ ಕೇಳಿಕೊಂಡಿದ್ದು. "ಟೀಚರ್, ಬರೆಯಿರಿ, ಆದರೆ ಹೆಸರು ಬೇಡ. ನಾಳೆ ಯಾರಾದರೂ ಗೂಗಲ್‌ನಲ್ಲಿ ನನ್ನ ಹೆಸರು ಹಾಕಿದರೆ ಪಕ್ಕದಲ್ಲೇ ರೇಡ್ ಅಂತ ಬರೋದು ಬೇಡ" ಎಂದರು. ಆರ್.ಟಿ. ನಗರದ ಕಡೆಯಿಂದ ಬಂದರೆ ಒಂದು ದಿನಸಿ ಅಂಗಡಿಗೆ ಅಂಟಿಕೊಂಡ ಒಂಟಿ ಶಟರ್. ಸುತ್ತಮುತ್ತಲಿನವರಿಗೆ ಇಷ್ಟು ಗುರುತು ಸಾಕು.

ಮೊದಲು ಕೆಲಸದ ವಿಷಯ. ನಾನು ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಡುತ್ತೇನೆ. ಫೋನ್ ಇಲ್ಲದೆ ನನ್ನ ದಿನ ಸಾಗುವುದಿಲ್ಲ. ಚಾರ್ಜಿಂಗ್ ಪಿನ್, ಬ್ಯಾಟರಿ, ಸ್ಪೀಕರ್, ಏನು ಕೆಟ್ಟರೂ ಭಾಯ್ (ಯಜಮಾನರನ್ನು ನಾವು ಹಾಗೇ ಕರೆಯುವುದು) ಹತ್ತಿರವೇ ಹೋಗುತ್ತೇನೆ. ಡಿಸ್‌ಪ್ಲೇ ಹಾಕಿಸಬೇಕೆಂದರೆ ಒರಿಜಿನಲ್ಲು, ಕಾಪಿ ಎರಡನ್ನೂ ಫೋನಿಗೆ ಜೋಡಿಸಿ ಮುಂದಿಡುತ್ತಾರೆ. ಕಾಪಿಯಲ್ಲಿ ಬಿಳಿ ಬಣ್ಣ ನೀಲಿಯಾಗಿ ಕಾಣುತ್ತದೆ, ಅಂಚಿನಲ್ಲಿ ಟಚ್ ಸರಿಯಾಗಿ ಹಿಡಿಯುವುದಿಲ್ಲ. ನೋಡಿ ನಾವೇ ತೀರ್ಮಾನ ಮಾಡಬೇಕು. ಎಸ್.ಪಿ. ರಸ್ತೆಯಿಂದ ಪಾರ್ಟ್ ತರಬೇಕಾದರೆ "ನಾಳೆ ಸಂಜೆ" ಎನ್ನುತ್ತಾರೆ, ನಾಳೆ ಸಂಜೆಯೇ ಕೊಡುತ್ತಾರೆ.

ಎಲ್ಲಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಅವರ ರಶೀದಿ ಪುಸ್ತಕ. ಫೋನ್ ಬಿಟ್ಟು ಹೋಗುವಾಗ ಸಿಮ್ಮು, ಮೆಮೊರಿ ಕಾರ್ಡು ತೆಗೆದು ನಮ್ಮ ಕೈಗೇ ಕೊಡುತ್ತಾರೆ. ಐಎಂಇಐ ನಂಬರ್, ಅಂದರೆ ಫೋನಿನ ಗುರುತಿನ ಸಂಖ್ಯೆ ಬರೆದು, ಏನು ಕೆಟ್ಟಿದೆ ಅಂತ ಬರೆದು, ಸಹಿ ಹಾಕಿಸಿ, ಕಾರ್ಬನ್ ಪ್ರತಿ ಇಟ್ಟುಕೊಳ್ಳುತ್ತಾರೆ. ಇಷ್ಟೊಂದು ಎಚ್ಚರ ಯಾಕೆ ಅಂತ ಒಮ್ಮೆ ಕೇಳಿದ್ದೆ. "ಡಾಕ್ಟರ್ ಹನೀಫ್ ಕೇಸ್ ನೆನಪಿದೆಯಲ್ವಾ ಟೀಚರ್?" ಎಂದರು.

ನೆನಪಿತ್ತು. 2007ರ ಜುಲೈನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಮ್ಮ ಬೆಂಗಳೂರಿನ ಡಾಕ್ಟರ್ ಮೊಹಮ್ಮದ್ ಹನೀಫ್ ಅವರನ್ನು ಬಂಧಿಸಿದರು. ಬ್ರಿಟನ್ ಬಿಡುವಾಗ ಸಂಬಂಧಿಕನಿಗೆ ಕೊಟ್ಟು ಬಂದಿದ್ದ ಒಂದು ಸಿಮ್ ಕಾರ್ಡು ಅವರ ತಲೆಗೆ ಸುತ್ತಿಕೊಂಡಿತು. ಅದಕ್ಕೆ ಸ್ವಲ್ಪ ಮುಂಚೆ ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉಗ್ರರು ನುಗ್ಗಿಸಿದ್ದ ಜೀಪಿನಲ್ಲೇ ಆ ಸಿಮ್ ಸಿಕ್ಕಿತು ಅಂತ ಕೋರ್ಟಿನಲ್ಲಿ ಹೇಳಿದರು. ನಿಜವಾಗಿ ಅದು ಇದ್ದದ್ದು ಲಿವರ್‌ಪೂಲ್‌ನಲ್ಲಿ, ಆ ಸಂಬಂಧಿಕನ ಹತ್ತಿರ. ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡಿದ್ದರು. ಅದೇ ತಿಂಗಳ 27ಕ್ಕೆ ಕೇಸ್ ಕೈಬಿಟ್ಟರು. 2010ರಲ್ಲಿ ಅಲ್ಲಿನ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಆ ಜೀಪ್ ಓಡಿಸಿದವನೂ ಬೆಂಗಳೂರಿನವನೇ. ಭಾಯ್ ಅದನ್ನು ಮುಚ್ಚಿಡಲಿಲ್ಲ. "ಅವನು ಮಾಡಿದ್ದು ಪಾಪ. ಆದರೆ ಲೆಕ್ಕ ಮಾತ್ರ ನಾವೆಲ್ಲ ಕೊಡ್ತಾ ಇದೀವಿ" ಎಂದರು.

ಹೋದ ವರ್ಷ ಮಳೆಗಾಲದಲ್ಲಿ ಆ ಲೆಕ್ಕ ಅವರ ಅಂಗಡಿಗೇ ಬಂತು. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗನೊಬ್ಬನ ಮೇಲೆ ಪೊಲೀಸರಿಗೆ ಅನುಮಾನ. ಅವನ ಫೋನು ಇಲ್ಲಿ ರಿಪೇರಿಯಾಗಿತ್ತು. ಬೆಳಗಿನ ಜಾವ ಶಟರ್ ತೆಗೆಸಿ, ಲ್ಯಾಪ್‌ಟಾಪು, ರಿಪೇರಿಗೆ ಬಂದಿದ್ದ ಫೋನುಗಳು, ಎಲ್ಲ ತೆಗೆದುಕೊಂಡು ಹೋದರು. ಅದರಲ್ಲಿ ನನ್ನದೂ ಇತ್ತು. ಭಾಯ್‌ನ ವಿಚಾರಣೆಗೆ ಕರೆದೊಯ್ದು ಮಾರನೆಯ ದಿನ ಬಿಟ್ಟರು. ಅವರ ಮೇಲೆ ಕೇಸ್ ಇಲ್ಲ.

ಹುಡುಕಲೇಬಾರದಿತ್ತು ಅಂತ ನಾನು ಹೇಳುವುದಿಲ್ಲ. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದು, ತಿಂಡಿಗೆ ಬಂದವರು ಗಾಯಗೊಂಡರು. ಅಂಥದ್ದನ್ನು ತಡೆಯಬೇಕೆಂದರೆ ಪೊಲೀಸರು ಕೆಲವು ಬಾಗಿಲು ತಟ್ಟಲೇಬೇಕು. ತಟ್ಟಿದ ಮೇಲೆ ಏನೂ ಸಿಗಲಿಲ್ಲ ಅಂದರೆ ಅದನ್ನು ಬೀದಿಗೆ ಬಂದು ಯಾರು ಹೇಳಬೇಕು? ಯಾರೂ ಹೇಳಲಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ ಶೋಧನೆಯ ವಿಡಿಯೊ ಮಾಡಬೇಕು. ಮಾಡಿದರು. ಆ ವಿಡಿಯೊ ಕೇಸಿನ ಫೈಲಿನಲ್ಲಿದೆ. ಎದುರು ಮನೆ ಬಾಲ್ಕನಿಯಿಂದ ಯಾರೋ ತೆಗೆದ ಇನ್ನೊಂದು ವಿಡಿಯೊ "ಉಗ್ರರ ಅಡ್ಡೆ" ಅನ್ನುವ ತಲೆಬರಹ ಹೊತ್ತು ಎಲ್ಲರ ವಾಟ್ಸಾಪಿಗೆ ಬಂತು. ನನ್ನ ಟ್ಯೂಷನ್ ಮಕ್ಕಳ ತಾಯಂದಿರ ಗ್ರೂಪಿಗೂ ಬಂತು. ಅದು ಸುಳ್ಳು, ಆ ಅಂಗಡಿ ನನಗೆ ಗೊತ್ತು ಅಂತ ಅಲ್ಲೇ ಬರೆದೆ. ಒಬ್ಬರು ಮಾತ್ರ ಅದನ್ನು ಅಳಿಸಿದರು.

ನನಗೆ ಹೆಚ್ಚು ಸಂಕಟವಾಗಿದ್ದು ಪಕ್ಕದ ದಿನಸಿ ಅಂಗಡಿಯ ಶೆಟ್ಟರ ಕಥೆ ನೋಡಿ. ಶೋಧನೆಗೆ ಇಬ್ಬರು ಸ್ಥಳೀಯರು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ನಿಲ್ಲಬೇಕು, ವಶಪಡಿಸಿಕೊಂಡದ್ದನ್ನು ಬರೆದ ಮಹಜರಿಗೆ ಸಹಿ ಹಾಕಬೇಕು. ಹಾಲು ಇಳಿಸಿಕೊಳ್ಳಲು ಆಗಲೇ ಎದ್ದು ಬಂದಿದ್ದ ಶೆಟ್ಟರನ್ನು ಕರೆದರು. "ಹಳೆ ಮೊಬೈಲ್‌ಗಳು" ಅಂತ ಒಟ್ಟಿಗೆ ಬರೆಯಲು ಹೊರಟಾಗ, "ಸಾರ್, ಅವು ಗಿರಾಕಿಗಳದ್ದು. ರಶೀದಿ ಇದೆ, ಒಂದೊಂದರ ನಂಬರೂ ಬರೆಯಿರಿ" ಅಂತ ಹಟ ಹಿಡಿದವರು ಅವರೇ. ನನ್ನ ಫೋನು ವಾಪಸ್ ಬಂದಿದ್ದರೆ ಆ ಒಂದು ಮಾತಿನಿಂದ. ಆದರೆ ಬೀದಿಯಲ್ಲಿ ಹಬ್ಬಿದ ಮಾತೇ ಬೇರೆ. ಭಾಯ್ ಕಡೆಯವರು ಕೆಲವರು "ಶೆಟ್ರೇ ಸುದ್ದಿ ಕೊಟ್ಟಿದ್ದು" ಎಂದರು. ಇತ್ತ ಕೆಲವರು "ಶೆಟ್ರೇ, ಅವರ ಪರ ಯಾಕೆ ಮಾತಾಡಿದ್ರಿ?" ಅಂತ ಕೇಳಿದರು. ಸಂಜೆ ನಮಾಜ್ ಮುಗಿಸಿ ಬರುತ್ತಾ ಹಾಲು, ಮೊಟ್ಟೆ ಒಯ್ಯುತ್ತಿದ್ದವರು ಅಂಗಡಿ ಬದಲಿಸಿದರು. ಭಾಯ್ ಅಂಗಡಿಗೆ ನಮ್ಮ ಕಡೆಯ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ಕಟ್ಟಡದ ಓನರ್ ಬೇರೆ ಜಾಗ ನೋಡಿಕೊಳ್ಳಿ ಎಂದರು.

ನಮ್ಮ ಏರಿಯಾದಲ್ಲಿ ಇಂಥ ಮಾತಿಗೆ ಬೇಗ ಬೆಂಕಿ ಹತ್ತುತ್ತದೆ. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟಿನಿಂದ ಶುರುವಾಗಿ ಶಾಸಕರ ಮನೆ, ಡಿ.ಜೆ. ಹಳ್ಳಿ ಠಾಣೆ ಹೊತ್ತಿ ಉರಿದವು. ಪೊಲೀಸರ ಗುಂಡಿಗೆ ಜನ ಸತ್ತರು. ಆಮೇಲೆ ನೂರಾರು ಹುಡುಗರನ್ನು ಬಂಧಿಸಿದರು. ಅದೇ ರಾತ್ರಿ ಒಂದು ದೇವಸ್ಥಾನದ ಮುಂದೆ ಮುಸ್ಲಿಂ ಹುಡುಗರು ಕೈಕೈ ಹಿಡಿದು ನಿಂತು ಕಾಪಾಡಿದ್ದೂ ನಿಜ. ಎರಡನ್ನೂ ನೋಡಿದ ಬೀದಿ ಇದು. ಹಾಗಿದ್ದೂ ಬಾಲ್ಕನಿ ವಿಡಿಯೊವನ್ನೇ ನಂಬಿದ್ದು ನನಗೆ ತುಂಬಾ ನೋವು ಕೊಟ್ಟಿತು.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಬಿಡುಗಡೆಯಾದ ಸಂಜೆಯೇ ಭಾಯ್ ರಶೀದಿ ಪುಸ್ತಕ ಹಿಡಿದು ಮನೆಗೆ ಬಂದರು. "ಟೀಚರ್, ನಿಮ್ಮ ಫೋನ್ ನನ್ನ ಹತ್ತಿರ ಇಲ್ಲ" ಎಂದರು. ಏನಾಯಿತೆಂದು ಪೂರ್ತಿ ಹೇಳಿ, ಒಂದು ಬಟನ್ ಫೋನ್ ಕೊಟ್ಟರು. ಪ್ರತಿ ಗಿರಾಕಿಯ ಮನೆಗೂ ಹೀಗೇ ಹೋಗಿದ್ದಾರೆ. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರಂತೆ. ವಕೀಲರನ್ನು ಹಿಡಿದು, ನಮ್ಮ ಬಿಲ್ಲು, ಆಧಾರ್ ಪ್ರತಿ, ಅವರ ಕಾರ್ಬನ್ ರಶೀದಿ ಸೇರಿಸಿ ಕೋರ್ಟಿಗೆ ಅರ್ಜಿ ಹಾಕಿಸಿದರು. ವಕೀಲರ ಫೀಸಿಗೆ ನಮ್ಮಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. ತಿಂಗಳುಗಳು ಹಿಡಿದವು, ಆದರೆ ಫೋನು ಬಂತು. ಒಪ್ಪಿಕೊಂಡಿದ್ದ ಡಿಸ್‌ಪ್ಲೇಯನ್ನು ಹಳೆಯ ದರದಲ್ಲೇ ಹಾಕಿಕೊಟ್ಟರು.

ಕೊರತೆ ಎಂದರೆ ಡಿಸ್‌ಪ್ಲೇಗೆ ಗ್ಯಾರಂಟಿ ಒಂದೇ ತಿಂಗಳು. ಮೂರು ತಿಂಗಳಾದರೂ ಕೊಡಬೇಕು, ಅವರಿಗೂ ಹೇಳಿದ್ದೇನೆ. ಓನರ್ ಸದ್ಯಕ್ಕೆ ಸುಮ್ಮನಾಗಿದ್ದಾರೆ, ಅಂಗಡಿ ಅಲ್ಲೇ ಇದೆ. ಕೋರ್ಟಿನಿಂದ ಬಂದ ಕೆಲವು ಫೋನುಗಳನ್ನು ಗಿರಾಕಿಗಳು ಇನ್ನೂ ಒಯ್ದಿಲ್ಲ. ನಿಮ್ಮದಿದ್ದರೆ ರಶೀದಿ ತೆಗೆದುಕೊಂಡು ಹೋಗಿ. ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡೂವರೆ ಮುಚ್ಚಿರುತ್ತದೆ. ಪಕ್ಕದಲ್ಲೇ ಶೆಟ್ಟರ ಅಂಗಡಿಯಲ್ಲಿ ಹಾಲೂ ಸಿಗುತ್ತದೆ.