ಪುಕ್ಕಟೆಯ ಸಾರು, ಐವತ್ತು ಡಾಲರಿನ ಆಲೂಗಡ್ಡೆ

ಸಿಂಗಪುರದಿಂದ ಹೊರಡುವ ವಿಹಾರ ಹಡಗುಗಳಲ್ಲಿ ನಾನೂ ನನ್ನ ಹೆಂಡತಿಯೂ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇವೆ. ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಬೆಂಗಳೂರಿನಿಂದ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಅಷ್ಟು ದೂರ ಹೋದ ಮೇಲೆ ಮೂರ್ನಾಲ್ಕು ರಾತ್ರಿಯ ಸಮುದ್ರಯಾನವೊಂದನ್ನು ಸೇರಿಸಿಕೊಳ್ಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಈಜುಕೊಳ ಎಷ್ಟಿವೆ, ಕೋಣೆ ಎಷ್ಟು ಅಗಲ, ರಂಗಮಂದಿರದಲ್ಲಿ ಏನು ಆಡಿಸುತ್ತಾರೆ ಎನ್ನುವುದೆಲ್ಲ ಕಂಪನಿಗಳ ಜಾಲತಾಣಗಳಲ್ಲೇ ಇದೆ. ನಮ್ಮ ಜಯನಗರದ ಬೆಳಗಿನ ನಡಿಗೆಯ ಬಳಗದವರು ನನ್ನನ್ನು ಕೇಳುವುದು ಬೇರೆಯದೇ ಪ್ರಶ್ನೆ: ಊಟದ ಹಣ ಟಿಕೆಟ್ಟಿನಲ್ಲೇ ಸೇರಿದೆಯಂತೆ, ಹಾಗಿದ್ದೂ ಹಡಗಿನಲ್ಲಿ ಮತ್ತೆ ಹಣ ಕೊಟ್ಟು ತಿನ್ನುವ ರೆಸ್ಟೋರೆಂಟುಗಳಿವೆಯಂತೆ, ಅಲ್ಲಿಗೆ ಎಷ್ಟು ಸಲ ಹೋಗಬೇಕು?

ಹೋಗಿ ಎಂದು ಹೇಳುವವರಿಗೆ ಹಡಗಿನಲ್ಲಿ ಕೊರತೆಯಿಲ್ಲ. ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ, ಹಡಗು ಹತ್ತಿ, ಹಸಿದುಕೊಂಡು ಬಫೆಯ ಕಡೆಗೆ ಹೆಜ್ಜೆ ಹಾಕಿದರೆ ಬಾಗಿಲಲ್ಲೇ ಬಿಳಿ ಕೋಟಿನ ಇಬ್ಬರು ಹುಡುಗರು ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿರುತ್ತಾರೆ. ಮೊದಲ ರಾತ್ರಿಗೆ ರಿಯಾಯಿತಿ, ಮೂರು ಊಟ ಒಟ್ಟಿಗೆ ಕೊಂಡರೆ ಇನ್ನಷ್ಟು ರಿಯಾಯಿತಿ, ಈಗಲೇ ಕೊಂಡರೆ ಮಾತ್ರ. ತಟ್ಟೆಗೆ ಅನ್ನ ಬೀಳುವ ಮೊದಲೇ ನಾಳೆಯ ರಾತ್ರಿಯ ಊಟಕ್ಕೆ ಸಹಿ ಹಾಕಿಸಿಕೊಳ್ಳುವ ಆತುರ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಗುರಿ ಕೊಟ್ಟಿರುತ್ತಾರೆ. ಆದರೆ ಅವರು ಹೇಳುವ ಬೆಲೆ ಕೊನೆಯ ಬೆಲೆಯಲ್ಲ. ಅಮೆರಿಕದ ಐವತ್ತು ಡಾಲರ್ ಎಂದು ಬರೆದಿದ್ದರೆ ಅದರ ಮೇಲೆ ಸಾಮಾನ್ಯವಾಗಿ ಶೇ 18ರಷ್ಟು ಸೇವಾ ಭಕ್ಷೀಸು ತಾನಾಗಿಯೇ ಸೇರುತ್ತದೆ, ಅಲ್ಲಿಗೆ 59. ನಮ್ಮ ಕಡೆಯ ಹೆಚ್ಚಿನ ಕ್ರೆಡಿಟ್ ಕಾರ್ಡುಗಳು ವಿದೇಶಿ ಕರೆನ್ಸಿಗೆಂದು ಶೇ 3.5ರ ಆಸುಪಾಸಿನಲ್ಲಿ ಕತ್ತರಿಸುತ್ತವೆ, ಆ ಶುಲ್ಕದ ಮೇಲೆ ಜಿಎಸ್‌ಟಿ ಬೇರೆ. ತಲೆಗೆ ಐದು ಸಾವಿರ ರೂಪಾಯಿ ದಾಟಿತು, ಇಬ್ಬರಿಗೆ ಹತ್ತು ಸಾವಿರಕ್ಕೂ ಮೇಲೆ. ಅಷ್ಟು ಹಣ ಕೊಟ್ಟು ಬೆಂಗಳೂರಿನಲ್ಲಿ ನಾವು ಊಟಕ್ಕೆ ಹೋಗುವುದು ಯಾರದಾದರೂ ಅರವತ್ತು ತುಂಬಿದಾಗ.

ಆ ಹಣಕ್ಕೆ ಮಾಂಸದ ದಪ್ಪ ತುಂಡು ಬೇಯಿಸಿ ಕೊಡುವ ಸ್ಟೀಕ್ ಹೌಸಿನಲ್ಲಿ ನನ್ನ ಹೆಂಡತಿಗೆ ಸಿಕ್ಕಿದ್ದು ಒಂದು ಆಲೂಗಡ್ಡೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಥ ಕಡೆ ಹಲವು ಹಡಗುಗಳಲ್ಲಿ ತಲೆಗಿಷ್ಟು ಎಂಬ ನಿಗದಿತ ದರ. ಮಾಂಸ ತಿನ್ನುವವರಿಗೂ ಸೊಪ್ಪು ತಿನ್ನುವವರಿಗೂ ಅದೇ ದರ. ಅವಳು ಶುದ್ಧ ಸಸ್ಯಾಹಾರಿ. ನಾನು ಮನೆಯ ಹೊಸ್ತಿಲು ದಾಟಿದರೆ ಮೀನು, ಮೊಟ್ಟೆ ತಿನ್ನುತ್ತೇನೆ. ಪಟ್ಟಿಯಲ್ಲಿದ್ದ ಮುಖ್ಯ ತಿನಿಸುಗಳೆಲ್ಲ ದನ, ಕುರಿ, ಕೋಳಿ, ಮೀನು, ಸಿಗಡಿ. ಅವಳ ಪಾಲಿಗೆ ಉಳಿದದ್ದು ಪಕ್ಕವಾದ್ಯಗಳು: ಕೆನೆ ಹಾಕಿದ ಪಾಲಕ್, ಹುರಿದ ಅಣಬೆ, ಮತ್ತು ಬೇಯಿಸಿದ ಆಲೂಗಡ್ಡೆ. ಆ ಆಲೂಗಡ್ಡೆ ಬಂದ ವೈಭವವನ್ನು ನೋಡಬೇಕಿತ್ತು. ದೊಡ್ಡ ಕಪ್ಪು ತಟ್ಟೆಯ ನಟ್ಟನಡುವೆ, ಸಿಪ್ಪೆಯ ಸಮೇತ, ಉದ್ದಕ್ಕೆ ಸೀಳಿ, ಬಾಯಿ ತೆರೆಸಿ, ಮೇಲೆ ಹುಳಿ ಕೆನೆಯ ಒಂದು ಉಂಡೆ, ಅದರ ಮೇಲೆ ಹಸಿರು ಎಲೆಯ ಚೂರು. ಬಡಿಸಿದವನು ಕರಿಮೆಣಸಿನ ಮೊಳದುದ್ದದ ಗಿರಣಿ ಹಿಡಿದು ಸಾಕೆನ್ನುವವರೆಗೂ ತಿರುವಿದ. ಅವಳು ಚಮಚದಿಂದ ಒಂದು ತುತ್ತು ತೆಗೆದು ತಿಂದು, ಉಪ್ಪು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಮನೆಯಲ್ಲಿ ಇದಕ್ಕೆ ಒಂದು ಒಗ್ಗರಣೆ ಹಾಕಿ ಪಲ್ಯ ಮಾಡುತ್ತಿದ್ದೆ’ ಎಂದಳು. ನನ್ನ ತಟ್ಟೆಯಲ್ಲಿದ್ದ ಮೀನು ನಿಜಕ್ಕೂ ಚೆನ್ನಾಗಿತ್ತು, ಆದರೆ ಆ ಮಾತಿನ ನಂತರ ಅದನ್ನು ಹೊಗಳುವ ಧೈರ್ಯ ಬರಲಿಲ್ಲ.

ಮೀನು ಯಾಕೆ ಚೆನ್ನಾಗಿತ್ತು ಎನ್ನುವುದರಲ್ಲೇ ಹೆಚ್ಚುವರಿ ಹಣದ ನಿಜವಾದ ಸಮರ್ಥನೆ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಡಗಿನ ಮುಖ್ಯ ಭೋಜನಶಾಲೆಯ ಊಟ ನಮ್ಮ ಕಲ್ಯಾಣ ಮಂಟಪದ ಪಂಕ್ತಿಯ ಊಟವಿದ್ದ ಹಾಗೆ. ಸಾವಿರಾರು ಜನರಿಗೆ ಎರಡು ಸರದಿಯಲ್ಲಿ ಬಡಿಸಬೇಕು. ಅಡುಗೆ ಮೊದಲೇ ಆಗಿರುತ್ತದೆ, ತಟ್ಟೆಗಳು ಸಾಲಾಗಿ ಬಿಸಿಪೆಟ್ಟಿಗೆಯಲ್ಲಿ ಕಾಯುತ್ತವೆ. ಸಾರು, ಪಲ್ಯ, ಬೇಯಿಸಿದ ಬೇಳೆ ಇಂಥವಕ್ಕೆ ಅದರಿಂದ ನಷ್ಟವೇನಿಲ್ಲ, ಕೆಲವಂತೂ ಕಾದಷ್ಟೂ ರುಚಿ. ಮೀನಿಗೆ, ಮೇಲ್ಪದರ ಗರಿಗರಿ ಇರಬೇಕಾದ ಯಾವುದಕ್ಕೇ ಆದರೂ ಆ ಹತ್ತು ನಿಮಿಷ ಮಾರಕ. ಹಣ ಕೊಡುವ ಸಣ್ಣ ರೆಸ್ಟೋರೆಂಟಿನಲ್ಲಿ ಕೇಳಿದ ಮೇಲೆಯೇ ಬಾಣಲೆ ಒಲೆಗೇರುತ್ತದೆ. ಒಲೆ ಎಂದರೂ ಬೆಂಕಿಯಲ್ಲ. ಅಗ್ನಿ ಅನಾಹುತದ ಭಯದಿಂದ ಪ್ರಯಾಣಿಕ ಹಡಗುಗಳ ಅಡುಗೆಮನೆ ಬಹುಮಟ್ಟಿಗೆ ವಿದ್ಯುತ್ತಿನ ಮೇಲೆಯೇ ನಡೆಯುತ್ತದೆ. ನಮ್ಮ ಅನುಭವದಲ್ಲಿ ಬಫೆಯಲ್ಲಿ ಫುಲ್ಕಾ ಸಿಕ್ಕರೂ ಅದು ಉಬ್ಬಿಕೊಂಡು ಬರುವುದಿಲ್ಲ, ದೋಸೆಗೆ ಗಾಂಧಿ ಬಜಾರಿನ ಕೆಂಪು ಹತ್ತುವುದಿಲ್ಲ. ಎಷ್ಟು ಹಣ ಕೊಟ್ಟರೂ ಅವೆರಡೂ ಹಡಗಿನಲ್ಲಿ ಸಿಗುವುದು ಕಷ್ಟ ಎಂದು ತಿಳಿದುಕೊಂಡು ಹತ್ತುವುದು ಒಳ್ಳೆಯದು.

ಮೂರು ಊಟದ ಪ್ಯಾಕೇಜನ್ನು ಒಮ್ಮೆ ಕೊಂಡಿದ್ದೆವು. ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ, ಲೆಕ್ಕ ಸರಿಯೇ. ಹಣ ಕಟ್ಟಿಸಿಕೊಂಡ ಮೇಲೆ ಸಮಯ ಗೊತ್ತುಮಾಡಲು ಹೋದರೆ ಉಳಿದಿದ್ದು ಸಂಜೆ ಐದೂವರೆ, ಇಲ್ಲವೇ ರಾತ್ರಿ ಒಂಬತ್ತೂಕಾಲು. ಏಳರಿಂದ ಎಂಟರ ನಡುವಿನ ಮೇಜುಗಳೆಲ್ಲ ಪ್ರಯಾಣಕ್ಕೆ ವಾರಗಳ ಮೊದಲೇ ಆನ್‌ಲೈನಿನಲ್ಲಿ ಕಾಯ್ದಿರಿಸಿದವರ ಪಾಲಾಗಿದ್ದವು. ಟ್ಯಾಬ್ ಹಿಡಿದ ಹುಡುಗ ಈ ಮಾತನ್ನು ಬಾಗಿಲಲ್ಲಿ ಹೇಳಿರಲಿಲ್ಲ. ಏಳೂವರೆಗೆ ಊಟ, ಒಂಬತ್ತೂವರೆಗೆ ಮಾತ್ರೆ, ಹತ್ತಕ್ಕೆ ಹಾಸಿಗೆ ಎಂಬ ನಮ್ಮಂಥವರಿಗೆ ಒಂಬತ್ತೂಕಾಲಿನ ಊಟವೆಂದರೆ ಶಿಕ್ಷೆ. ಅದೂ ಎರಡು ಗಂಟೆಯ ಊಟ. ಒಂದು ತಟ್ಟೆ ಹೋಗಿ ಇನ್ನೊಂದು ಬರುವಷ್ಟರಲ್ಲಿ ಅವಳು ಕುಳಿತಲ್ಲೇ ತೂಕಡಿಸುತ್ತಿದ್ದಳು. ಮೂರನೆಯ ಊಟಕ್ಕೆ ನಾವು ಹೋಗಲೇ ಇಲ್ಲ. ಮೊದಲೇ ರದ್ದು ಮಾಡಿದರೂ ಹಣ ಹಿಂದಿರುಗಲಿಲ್ಲ, ಪ್ಯಾಕೇಜಿನ ನಿಯಮವಂತೆ.

ಆ ರಾತ್ರಿ ಸಿಟ್ಟಿನಲ್ಲೇ ಮುಖ್ಯ ಭೋಜನಶಾಲೆಗೆ ಹೋಗಿ ಕುಳಿತಿದ್ದಾಗ ನಮ್ಮ ಕನ್ನಡ ಕೇಳಿಸಿಕೊಂಡು ಮುಖ್ಯ ಬಡಿಸುವವರು ಹತ್ತಿರ ಬಂದರು. ಕುಂದಾಪುರದ ಕಡೆಯವರು. ‘ಪಟ್ಟಿಯನ್ನು ಬಿಡಿ, ನಾಳೆ ರಾತ್ರಿಗೆ ಏನು ಬೇಕು ಹೇಳಿ’ ಎಂದರು. ಭಾರತೀಯರು ಹೆಚ್ಚಾಗಿ ಹತ್ತುವ ಹಡಗುಗಳಲ್ಲಿ ಇದು ನಡೆಯುತ್ತದೆ ಎಂದು ನಮಗೆ ಗೊತ್ತಾದದ್ದೇ ಆಗ: ಹಿಂದಿನ ದಿನ ಹೇಳಿಟ್ಟರೆ ಬೇಳೆ, ಬೆಂಡೆಕಾಯಿ, ಹೂಕೋಸು ಏನಾದರೊಂದನ್ನು ನಮ್ಮ ಕಡೆಯ ಅಡುಗೆಯವರಿಂದ ಮಾಡಿಸಿ ತರುತ್ತಾರೆ, ಅದಕ್ಕೆ ಹಣವಿಲ್ಲ. ನನ್ನ ಹೆಂಡತಿ ಅರ್ಧ ತಮಾಷೆಗೆ ‘ಸಾರು ಮಾಡಿಸುತ್ತೀರಾ’ ಎಂದು ಕೇಳಿದಳು.

ಮಾರನೆಯ ರಾತ್ರಿ ಸಾರು ಬಂತು. ಅಗಲ ಬಾಯಿಯ ಬಿಳಿ ಸೂಪಿನ ಬಟ್ಟಲು, ಕೆಳಗೊಂದು ತಟ್ಟೆ, ತಟ್ಟೆಗೂ ಬಟ್ಟಲಿಗೂ ನಡುವೆ ಮಡಿಸಿದ ಕರವಸ್ತ್ರ. ಒಳಗೆ ತೊಗರಿಬೇಳೆಯ ಕಟ್ಟು ತಳಕ್ಕೆ ಇಳಿದು ಮೇಲೆ ತಿಳಿ ನಿಂತಿತ್ತು. ಅದರ ಮೇಲೆ ಸಿಡಿದ ಸಾಸಿವೆ, ಸೀಳಿದ ಒಣಮೆಣಸಿನಕಾಯಿ, ಎಣ್ಣೆಯಲ್ಲಿ ಮುರುಟಿದ ನಾಲ್ಕು ಕರಿಬೇವಿನ ಎಲೆ. ಇಂಗಿನ ವಾಸನೆ ಪಕ್ಕದ ಮೇಜಿನ ಆಸ್ಟ್ರೇಲಿಯಾದ ದಂಪತಿಯ ತಲೆ ತಿರುಗಿಸಿತು. ಅನ್ನವನ್ನು ಬಟ್ಟಲಲ್ಲಿ ಒತ್ತಿ ಬೋರಲು ಹಾಕಿದ್ದರು, ತುಪ್ಪದ ಬದಲು ಚಿಕ್ಕ ಹೂಜಿಯಲ್ಲಿ ಕರಗಿಸಿದ ಬೆಣ್ಣೆ. ಕರಿಬೇವು ಎಲ್ಲಿಂದ ಎಂದು ಕೇಳಿದೆ. ಹಡಗಿನ ಸಿಬ್ಬಂದಿಯಲ್ಲಿ ಭಾರತೀಯರು ಬಹಳ, ಅವರ ಊಟಕ್ಕೆ ಬೇರೆಯದೇ ಅಡುಗೆಮನೆ ಇದೆ, ಅಲ್ಲಿಂದ ತಂದದ್ದು ಎಂದರು. ಪ್ರಯಾಣಿಕರಿಗೆ ಕಾಣದ ಕೆಳಗಿನ ಮಹಡಿಯಲ್ಲಿ ದಿನವೂ ಒಗ್ಗರಣೆ ಸಿಡಿಯುತ್ತಿತ್ತು, ನಾವು ಮೇಲಿನ ಮಹಡಿಯಲ್ಲಿ ಐವತ್ತು ಡಾಲರಿನ ಆಲೂಗಡ್ಡೆಗೆ ಕರಿಮೆಣಸು ಉದುರಿಸಿಕೊಳ್ಳುತ್ತಿದ್ದೆವು. ಅವಳು ಬಟ್ಟಲನ್ನು ಎತ್ತಿ ಕುಡಿದಳು. ನಾನು ಮೀನು ಹೇಳಿದ್ದರೂ ಅನ್ನ ಕಲಸಿದೆ. ಇಡೀ ಪ್ರಯಾಣದ ನೆನಪಿನಲ್ಲಿ ಉಳಿದ ಊಟ ಅದು.

ಅಲ್ಲಿಂದೀಚೆಗೆ ನಮ್ಮ ಲೆಕ್ಕಾಚಾರವೇ ಬದಲಾಗಿದೆ. ಹಣ ಕೊಟ್ಟು ಹೊರಗೆ ತಿನ್ನುವ ಪ್ರತಿ ರಾತ್ರಿಯೂ ಮುಖ್ಯ ಭೋಜನಶಾಲೆಯ ಒಂದು ರಾತ್ರಿ ಕಳೆದುಹೋಗುತ್ತದೆ. ನಾಲ್ಕೇ ರಾತ್ರಿಯ ಪ್ರಯಾಣದಲ್ಲಿ ಅದು ಸಣ್ಣ ಮಾತಲ್ಲ. ನಿಗದಿತ ಸರದಿ ತೆಗೆದುಕೊಂಡರೆ ಅಲ್ಲಿ ಮೇಜೂ ಅದೇ, ಬಡಿಸುವವರೂ ಅವರೇ. ಎರಡನೆಯ ರಾತ್ರಿಗೆ ಮಂಜುಗಡ್ಡೆ ಇಲ್ಲದ ನೀರು, ಮಾತ್ರೆಗೆ ಬಿಸಿನೀರು, ಮೊಟ್ಟೆ ಹಾಕದ ಸಿಹಿ ಕೇಳದೆಯೇ ಬರುತ್ತವೆ. ಅಲ್ಲದೆ ಅವರಿಗೆ ಸೇರಬೇಕಾದ ಭಕ್ಷೀಸನ್ನು ಹಡಗು ದಿನಕ್ಕೆ ತಲೆಗಿಷ್ಟು ಎಂದು ನಮ್ಮ ಖಾತೆಯಿಂದ ಹೇಗೂ ಹಿಡಿದುಕೊಂಡಿರುತ್ತದೆ. ಬೇರೆ ರೆಸ್ಟೋರೆಂಟಿಗೆ ಹೋದ ರಾತ್ರಿ ಬಾರದ ಊಟಕ್ಕೂ ಭಕ್ಷೀಸು, ಬಂದ ಊಟಕ್ಕೂ ಭಕ್ಷೀಸು. ಕುಂದಾಪುರದವರಿಗೆ ನಾವು ಕೊನೆಯ ರಾತ್ರಿ ಲಕೋಟೆಯಲ್ಲಿ ಬೇರೆಯಾಗಿಯೇ ಕೊಟ್ಟೆವು. ಅದು ಪ್ಯಾಕೇಜಿನ ಮೂರನೆಯ ಊಟಕ್ಕಿಂತ ಸಾರ್ಥಕವಾದ ಹಣ.

ಹಣ ಕೀಳುವ ಬಾಗಿಲು ಇನ್ನೊಂದಿದೆ, ಕಾಫಿ. ಬಫೆಯ ಯಂತ್ರದ ಕಾಫಿ ಪುಕ್ಕಟೆ, ಕುಡಿಯುವಂತಿಲ್ಲ. ಕುಡಿಯುವಂಥದ್ದು ಕೆಳಗಿನ ಅಂಗಡಿಯಲ್ಲಿ, ಡಾಲರಿನಲ್ಲಿ. ನಾನು ಇದಕ್ಕೆ ಸೊಪ್ಪು ಹಾಕುವುದಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪುಡಿ ಮಾಡಿಸಿ, ಚಿಕೋರಿ ಶೇ 20 ಬೆರೆಸಿ, ಅಂಗಡಿಯವನಿಂದಲೇ ಬಾಯಿ ಸೀಲು ಹಾಕಿಸಿದ ಪೊಟ್ಟಣ, ಜೊತೆಗೆ ಇಬ್ಬರಿಗಾಗುವ ಸ್ಟೀಲಿನ ಫಿಲ್ಟರ್. ಎಕ್ಸ್-ರೇ ಯಂತ್ರದ ಮುಂದೆ ಕುಳಿತವರು ಒಮ್ಮೆ ಫಿಲ್ಟರನ್ನು ತೆಗೆಸಿ, ಬಿಚ್ಚಿಸಿ, ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ, ನಕ್ಕು ಕಳಿಸಿದರು. ರಾತ್ರಿ ಮಲಗುವ ಮೊದಲು ಪುಡಿ ಹಾಕಿ, ಪುಡಿ ಒತ್ತುವ ಬಿಲ್ಲೆಯನ್ನು ಮೆಲ್ಲಗೆ ಕೂರಿಸಿ, ಬಫೆಯಿಂದ ಫ್ಲಾಸ್ಕಿನಲ್ಲಿ ತಂದ ಕುದಿನೀರನ್ನು ಸುತ್ತಲೂ ಸುರಿದು ಕೋಣೆಯ ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ಹಡಗು ತೂಗಿದರೂ ಡಿಕಾಕ್ಷನ್ ಇಳಿಯುವುದು ನಿಲ್ಲುವುದಿಲ್ಲ. ಬೆಳಿಗ್ಗೆ ಬಿಸಿಹಾಲು ತರುವ ಕೆಲಸ ನನ್ನದು, ಸಕ್ಕರೆಯ ಅಳತೆ ಅವಳದು. ಹೀಟರು, ಕೆಟಲು ಮಾತ್ರ ಒಯ್ಯಬೇಡಿ; ಬಿಸಿ ಮಾಡುವ ಸಾಧನಗಳನ್ನು ಬಹುತೇಕ ಹಡಗುಗಳು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತವೆ.

ಹಡಗಿನಲ್ಲಿ ಊಟಕ್ಕೆ ಎರಡನೆಯ ಸಲ ಹಣ ಕೇಳುವುದು ಹೊಸ ಚಾಳಿಯೂ ಅಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಮೊದಲ ದರ್ಜೆಯವರಿಗೆ ಊಟ ಟಿಕೆಟ್ಟಿನಲ್ಲೇ ಸೇರಿತ್ತು. ಅದರ ಮೇಲೆ ಬೇಕೆಂದವರಿಗೆ ಲುಯಿಜಿ ಗ್ಯಾಟಿ ಎಂಬ ಇಟಲಿಯವರು ಗುತ್ತಿಗೆಯಲ್ಲಿ ನಡೆಸುತ್ತಿದ್ದ ಪ್ರತ್ಯೇಕ ರೆಸ್ಟೋರೆಂಟ್ ಇತ್ತು. ಆಗ ಇದ್ದದ್ದು ಒಂದು. ಈಗಿನ ದೊಡ್ಡ ಹಡಗುಗಳಲ್ಲಿ ಜಪಾನಿನದೊಂದು, ಇಟಲಿಯದೊಂದು, ಸ್ಟೀಕಿನದೊಂದು ಎಂದು ಸಾಲೇ ಇದೆ. ನನ್ನನ್ನು ಹೆಚ್ಚು ಕೆರಳಿಸುವುದು ಸಾಲಿನ ಉದ್ದವಲ್ಲ, ಮುಖ್ಯ ಭೋಜನಶಾಲೆಯ ಪಟ್ಟಿಯೊಳಗೂ ಕೆಲವು ತಿನಿಸುಗಳ ಮುಂದೆ ಸದ್ದಿಲ್ಲದೆ ಬೆಲೆ ಕಾಣಿಸಿಕೊಳ್ಳತೊಡಗಿರುವುದು.

ಅಳಿಯನ ತೀರ್ಪು ನನ್ನದಕ್ಕೆ ಪೂರ್ತಿ ವಿರುದ್ಧ. ಅವನು ಮಾಂಸ ತಿನ್ನುತ್ತಾನೆ, ಒಂಬತ್ತೂಕಾಲು ಅವನಿಗೆ ಹೇಳಿ ಮಾಡಿಸಿದ ಸಮಯ, ಹತ್ತು ರಾತ್ರಿಯ ಪ್ರಯಾಣಕ್ಕೆ ಹೋದಾಗ ತಿಂಗಳು ಮೊದಲೇ ಮೇಜು ಸಹಿತ ಪ್ಯಾಕೇಜ್ ಕೊಂಡು ಕಾಸಿಗೆ ಕಾಸು ವಸೂಲು ಮಾಡಿಕೊಂಡು ಬರುತ್ತಾನೆ. ಅಂಥವರು ಧಾರಾಳವಾಗಿ ಕೊಳ್ಳಲಿ. ಮುಂಬಯಿಯಿಂದ ಹೊರಡುವ ಕಾರ್ಡೇಲಿಯಾದಂಥ ಹಡಗಿನಲ್ಲಾದರೆ ಸಸ್ಯಾಹಾರದ ಭಾರತೀಯ ಊಟ ಧಾರಾಳವಾಗಿ ಸಿಗುತ್ತದೆ, ನಮ್ಮ ಚಿಂತೆ ಅಲ್ಲಿ ಹುಟ್ಟುವುದೇ ಇಲ್ಲ. ಕಬ್ಬಿಣದ ಹಂಚಿನ ಸುತ್ತ ಕೂರಿಸಿ ಕಣ್ಣೆದುರೇ ಬೇಯಿಸುವ ಜಪಾನಿ ತೆಪ್ಪನ್ಯಾಕಿಯನ್ನು ನೋಡುವುದಕ್ಕೆ ನನಗೂ ಇಷ್ಟ. ಆದರೆ ಸಿಗಡಿ ಬೆಂದ ಹಂಚಿನಲ್ಲೇ ಮೂಲೆ ಒರೆಸಿ ತರಕಾರಿ ಹಾಕುತ್ತಾರೆ. ಮಡಿಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ನಮ್ಮ ಮಟ್ಟಿಗೆ ಒಂದು ಪ್ರಯಾಣಕ್ಕೆ ಒಂದು ಸಲ, ಅದೂ ಹಡಗು ಯಾವ ಬಂದರಿಗೂ ನಿಲ್ಲದ ದಿನದ ಮಧ್ಯಾಹ್ನ. ಅದೇ ಅಡುಗೆಮನೆ, ಅದೇ ಒಲೆ, ಹಲವು ಹಡಗುಗಳಲ್ಲಿ ರಾತ್ರಿಯ ದರಕ್ಕಿಂತ ಗಣನೀಯವಾಗಿ ಕಡಿಮೆ, ಒಂಬತ್ತೂಕಾಲಿನ ರಗಳೆಯೂ ಇಲ್ಲ. ಮುಂದಿನ ಪ್ರಯಾಣಕ್ಕೆ ಅಂಥದ್ದೊಂದನ್ನು ಮನೆಯಿಂದಲೇ ಕಾಯ್ದಿರಿಸಿದ್ದೇನೆ, ಒಬ್ಬರಿಗೆ ಮಾತ್ರ. ನಾನು ಮೀನು ತಿನ್ನುವ ಹೊತ್ತಿಗೆ ಅವಳು ಬಫೆಯಲ್ಲಿ ಅನ್ನಕ್ಕೆ ಮೊಸರು ಕಲಸಿಕೊಳ್ಳುತ್ತಾಳಂತೆ. ಉಪ್ಪಿನಕಾಯಿಯ ಸಣ್ಣ ಬಾಟಲಿಯನ್ನು ಈಗಲೇ ಪೆಟ್ಟಿಗೆಯ ಪಕ್ಕ ತೆಗೆದಿಟ್ಟಿದ್ದಾಳೆ.