ಸಿಡಿ ಯಾಕೆ ಕೆಟ್ಟಿತು ಅಂತ ಯಾವುದು ಹೇಳುತ್ತದೆ? ಲಿನಕ್ಸ್‌ನಲ್ಲಿ ನಾಲ್ಕು ಬರ್ನಿಂಗ್ ತಂತ್ರಾಂಶ ಬಳಸಿ ನೋಡಿದ್ದು

ನಮ್ಮ ಕಾಕಾ ಪೆನ್ ಡ್ರೈವ್ ನಂಬುವುದಿಲ್ಲ. ಅವರ ಹತ್ತಿರ ಇರುವುದು ಹಳೆಯ ಸಿಡಿ ಪ್ಲೇಯರ್, ಅದಕ್ಕೆ ಯುಎಸ್‌ಬಿ ಪೋರ್ಟೇ ಇಲ್ಲ. ಹರೆಯದಲ್ಲಿ ಅವರು ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಒಂದು ಇಡೀ ರಾತ್ರಿಯ ಆಟವನ್ನು ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ಒಟ್ಟು ಐದು ಕ್ಯಾಸೆಟ್. ಆಲಮಟ್ಟಿ ಹಿನ್ನೀರು ಬಂತು ಅಂತ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬರುವಾಗ ಟ್ರಂಕಿನಲ್ಲಿ ಪಾತ್ರೆಗಳ ನಡುವೆ ಇಟ್ಟು ತಂದವು ಅವು. ನಾನು ಅವನ್ನು ಕಂಪ್ಯೂಟರಿಗೆ ಇಳಿಸಿದೆ. ಸುಮಾರು 7 ಗಂಟೆ ಆಯಿತು.

"ಚಲೋ ಆತು. ಈಗ ಸಿಡಿ ಮಾಡಿ ಕೊಡು ತಮ್ಮಾ" ಅಂದರು ಕಾಕಾ.

ಒಂದು ಆಡಿಯೋ ಸಿಡಿಗೆ 80 ನಿಮಿಷ ಹಿಡಿಯುತ್ತದೆ. ಅಂದರೆ 6 ಸಿಡಿ. ಜೊತೆಗೆ ಮೂಲ ಫೈಲ್‌ಗಳನ್ನು ಕಾಪಾಡಲು ಒಂದು ಡಿವಿಡಿ, ಪದಗಳ (ಹಾಡುಗಳ) ನೋಟ್‌ಬುಕ್ ಸ್ಕ್ಯಾನ್ ಮಾಡಿದ್ದಕ್ಕೆ ಒಂದು ಡೇಟಾ ಸಿಡಿ. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು, 11 ಡಿಸ್ಕ್ ಕಸಕ್ಕೆ ಹೋದವು. ಆ 11ರಲ್ಲಿ 3 ಸರಿಯಾಗಿಯೇ ಇದ್ದವು. ಆ ಕತೆ ಮುಂದೆ ಬರುತ್ತದೆ.

ಮೇಜಿನ ಮೇಲಿದ್ದದ್ದು ಡೆಬಿಯನ್ ಅನ್ನುವ ಲಿನಕ್ಸ್ ಹಾಕಿದ ಹಳೇ ಡೆಸ್ಕ್‌ಟಾಪ್, ಅದರೊಳಗೆ ಸಾಟಾ ಡಿವಿಡಿ ರೈಟರ್, ಪಕ್ಕಕ್ಕೆ ಯುಎಸ್‌ಬಿಯ ತೆಳ್ಳನೆಯ ಇನ್ನೊಂದು ರೈಟರ್. ತಂತ್ರಾಂಶ ನಾಲ್ಕು: ಬ್ರಸೇರೋ, ಎಕ್ಸ್‌ಎಫ್‌ಬರ್ನ್, ಕೆ3ಬಿ, ಮತ್ತು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಡೆ, ಎಕ್ಸ್‌ಒರಿಸೋ.

ಮೊದಲೇ ಒಂದು ಮಾತು. ನಾಲ್ಕೂ ಕೊನೆಗೆ ಅದೇ ಡ್ರೈವ್‌ಗೆ ಹೆಚ್ಚುಕಡಿಮೆ ಅದೇ ಆಜ್ಞೆ ಕೊಡುತ್ತವೆ. ಆಗುವುದಿಲ್ಲ ಅಂತಾದರೆ ಡ್ರೈವ್ ಮೂರು ಅಂಕಿ ವಾಪಸ್ ಕೊಡುತ್ತದೆ. ಮೊದಲ ಅಂಕಿ 3 ಇದ್ದರೆ ತೊಂದರೆ ಡಿಸ್ಕ್‌ನ ಕಡೆ, 4 ಇದ್ದರೆ ಯಂತ್ರದ ಕಡೆ, 5 ಇದ್ದರೆ ನೀನು ಕೇಳಿದ್ದೇ ತಪ್ಪು ಅಂತ. ಉಳಿದ ಎರಡು ಅಂಕಿ ಅದನ್ನೇ ಬಿಡಿಸಿ ಹೇಳುತ್ತವೆ. ಹಾಗಾಗಿ ನಾನು ನೋಡಿದ್ದು ಯಾವ ತಂತ್ರಾಂಶ ಚೆಂದ ಅಂತ ಅಲ್ಲ. ಈ ಮೂರು ಅಂಕಿಯನ್ನು ಯಾವುದು ನನ್ನ ಕಣ್ಣಿಗೆ ತರುತ್ತದೆ, ಯಾವುದು ನುಂಗಿ ಸುಮ್ನೆ ಕೂರುತ್ತದೆ ಅಂತ.

ಬ್ರಸೇರೋದಿಂದ ಶುರು ಮಾಡಿದೆ. ನೋಡಲು ಅಚ್ಚುಕಟ್ಟು. ಎಡಕ್ಕೆ ಯೋಜನೆ, ಬಲಕ್ಕೆ ಫೈಲ್, ಕೆಳಗೆ ಬರ್ನ್ ಬಟನ್. ನಮ್ಮ ಅವ್ವ ಕೂಡ ಬಳಸಬಹುದು. ಮೊದಲ ಸಿಡಿ ಹಾಕಿ ಬಟನ್ ಒತ್ತಿದೆ. ಡ್ರೈವ್ ಒಂದು ನಿಮಿಷ ಗುಂಯ್‌ಗುಟ್ಟಿತು. ಆಮೇಲೆ ಬರೆಯುವಾಗ ದೋಷವಾಗಿದೆ ಅಂತ ಒಂದು ಪೆಟ್ಟಿಗೆ ಬಂತು. ಯಾವ ದೋಷ? ಅದಿಲ್ಲ. ಎರಡನೇ ಡಿಸ್ಕ್, ಮೂರನೇ ಡಿಸ್ಕ್, ಅದೇ ಮಾತು. ಲಾಗ್, ಅಂದರೆ ನಡೆದದ್ದರ ದಾಖಲೆ, ನೋಡುವ ಬಟನ್ ಇದೆ ಅಂತ ಆಮೇಲೆ ಕಂಡಿತು. ಒತ್ತಿದರೆ ಪುಟಗಟ್ಟಲೆ ಸಾಲುಗಳು. ಅದರ ನಡುವೆ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ ಹುಡುಕಿದಾಗ ಸಿಕ್ಕಿತು: 3, 73, 03. ಹೇಳಬೇಕಾದದ್ದನ್ನು ಅದು ಹೇಳಿತ್ತು, ಆದರೆ ಪಿಸುಮಾತಿನಲ್ಲಿ.

ಈ 3-73-03 ಅಂದರೆ ಪವರ್ ಕ್ಯಾಲಿಬ್ರೇಶನ್ ದೋಷ. ಬರೆಯುವ ಮುಂಚೆ ಡ್ರೈವ್ ಡಿಸ್ಕ್‌ನ ಒಳಅಂಚಿನ ಒಂದು ಮೀಸಲು ಜಾಗದಲ್ಲಿ ಲೇಸರ್ ಹಾಕಿ ನೋಡುತ್ತದೆ. ಈ ಡಿಸ್ಕ್‌ನ ಬಣ್ಣದ ಪದರಕ್ಕೆ ಎಷ್ಟು ಬೆಳಕು ಬೇಕು ಅಂತ ಅಳೆಯುವ ಕೆಲಸ ಅದು. ದೋಸೆ ಹುಯ್ಯುವ ಮೊದಲು ಹೆಂಚಿಗೆ ನೀರು ಚಿಮುಕಿಸಿ ನೋಡುತ್ತೀವಲ್ಲ, ಹಾಗೆ. ಆ ಅಳತೆಯೇ ಕೂಡದಿದ್ದರೆ ಡ್ರೈವ್ ಮುಂದಕ್ಕೆ ಹೋಗುವುದಿಲ್ಲ. ಕಾರಣ ಎರಡು ಕಡೆ ಇರಬಹುದು. ಡಿಸ್ಕ್ ಕಳಪೆ ಆಗಿರಬಹುದು, ಇಲ್ಲವೇ ಲೆನ್ಸ್ ಮೇಲೆ ಧೂಳು ಕೂತು ಲೇಸರ್ ಸೋತಿರಬಹುದು. ಮೊದಲು ಸ್ಪೀಡ್ ಇಳಿಸಿ ನೋಡಿದೆ. ಪ್ರಯೋಜನ ಆಗಲಿಲ್ಲ. ಬೇರೆ ಕಂಪನಿಯ ಡಿಸ್ಕ್ ಹಾಕಿದೆ, ಹತ್ತಿತು. ಹಳೇ ಡಿಸ್ಕ್‌ಗಳ ಡಬ್ಬಿ ನಮ್ಮ ಮನೆಯ ತಗಡಿನ ಕೆಳಗಿನ ಅಟ್ಟದಲ್ಲಿ ಎರಡು ಬೇಸಿಗೆ ಕಳೆದಿತ್ತು. ಮೇ ತಿಂಗಳ ಬಾಗಲಕೋಟೆಯ ತಗಡಿನ ಕೆಳಗೆ ಮನುಷ್ಯರಿಗೇ ತಡೆಯಲು ಆಗುವುದಿಲ್ಲ. ಬರೆಯುವ ಡಿಸ್ಕ್‌ನ ಪದರಕ್ಕೆ ಬಿಸಿ, ಬಿಸಿಲು ಎರಡೂ ಆಗಿಬರುವುದಿಲ್ಲ. ಹಾಗಾಗಿ ಬೈಗುಳ ಬ್ರಸೇರೋಗೆ ಅಲ್ಲ, ನನಗೇ ಸೇರಬೇಕು.

ಎಕ್ಸ್‌ಎಫ್‌ಬರ್ನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೀರಾ ಹಗುರ, ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ. ಬೇರೆ ಕಮಾಂಡ್‌ಗಳನ್ನು ಕರೆಯದೆ ಲಿಬ್‌ಬರ್ನ್ ಅನ್ನುವ ಲೈಬ್ರರಿಯ ಮೇಲೆ ನಡೆಯುತ್ತದೆ. ಇಡೀ ಡಿಸ್ಕ್‌ನ ಪಡಿಯಚ್ಚಾದ ಐಎಸ್ಒ ಫೈಲ್ ಒಂದನ್ನು ಡಿಸ್ಕ್‌ಗೆ ಇಳಿಸುವುದಿದ್ದರೆ ಇದು ಸಾಕು. ನೋಟ್‌ಬುಕ್‌ನ ಸ್ಕ್ಯಾನ್‌ಗಳನ್ನು ಇದರಲ್ಲೇ ರೈಟ್ ಮಾಡಿದೆ. ಬರೆದದ್ದು ಸರಿಯಾಗಿದೆಯಾ ಅಂತ ತಾಳೆ ನೋಡುವುದನ್ನು ನಾನೇ ಟರ್ಮಿನಲ್‌ನಲ್ಲಿ ಮಾಡಿಕೊಂಡೆ. ಎಡವಿದ್ದು ಅಲ್ಲೇ.

ಹೀಗೆ ಮಾಡಿದ್ದೆ. ಐಎಸ್ಒ ಫೈಲ್‌ನ ಎಂಡಿ5 ಮೊತ್ತ ತೆಗೆದೆ, ಅದು ಫೈಲ್‌ನ ಬೆರಳಚ್ಚು ಇದ್ದ ಹಾಗೆ. ಆಮೇಲೆ ಡ್ರೈವ್‌ನಿಂದ ಇಡೀ ಸಿಡಿ ಓದಿಸಿ ಅದರ ಮೊತ್ತ ತೆಗೆಯಲು ಹೋದೆ. ಕೊನೆಗೆ ಬಂದಾಗ ಇನ್‌ಪುಟ್ ಔಟ್‌ಪುಟ್ ದೋಷ! ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ ನೋಡಿದರೆ ಕೊನೆಯ ಬ್ಲಾಕ್ ಓದಲಾಗಲಿಲ್ಲ ಅಂತ ಸಾಲು ಸಾಲು. ಸಿಡಿ ಕೆಟ್ಟಿತು ಅಂತ ಎಸೆದೆ. ಇನ್ನೊಂದು ಮಾಡಿದೆ, ಅದೂ ಹಾಗೇ. ಮೂರನೆಯದೂ ಹಾಗೇ. ಮೂರನ್ನೂ ಕಾಕಾ ತೆಗೆದುಕೊಂಡು ಹೋಗಿ ಹೊಲದಲ್ಲಿ ದಾಳಿಂಬೆ ಗಿಡಕ್ಕೆ ಹಕ್ಕಿ ಬೆದರಿಸಲು ಕಟ್ಟಿದರು.

ಆದರೆ ಮೂರೂ ಸರಿ ಇದ್ದವು. ವಿಷಯ ಏನೆಂದರೆ, ಸಿಡಿಯನ್ನು ಟಿಎಒ ಅನ್ನುವ ವಿಧಾನದಲ್ಲಿ ಬರೆದರೆ, ಅಂದರೆ ಟ್ರ್ಯಾಕ್ ಟ್ರ್ಯಾಕ್ ಆಗಿ ಬರೆದರೆ, ಟ್ರ್ಯಾಕ್‌ನ ಕೊನೆಗೆ ಎರಡು ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಂಡು) ಹೆಚ್ಚು ಸೇರುತ್ತವೆ. ಅವು ಓದಲು ಬರುವಂಥವಲ್ಲ, ಲೇಸರ್ ನಿಲ್ಲಿಸುವಾಗ ಉಳಿಯುವ ಬಾಲ. ಆದರೆ ಡ್ರೈವ್ ಟ್ರ್ಯಾಕ್‌ನ ಉದ್ದ ಹೇಳುವಾಗ ಅವನ್ನೂ ಸೇರಿಸಿ ಹೇಳುತ್ತದೆ. ಲಿನಕ್ಸ್ ಕರ್ನಲ್‌ಗೆ ಮುಂದಿನದನ್ನು ಮೊದಲೇ ಓದಿಟ್ಟುಕೊಳ್ಳುವ ಚಟ. ಅದು ಆ ಬಾಲಕ್ಕೆ ಕೈ ಹಾಕುತ್ತದೆ, ದೋಷ ಬರುತ್ತದೆ, ಕೆಲವೊಮ್ಮೆ ಆ ಗಲಾಟೆಯಲ್ಲಿ ಹಿಂದಿನ ಒಳ್ಳೆಯ ಬ್ಲಾಕ್‌ಗಳೂ ಕೈಗೆ ಸಿಗದೆ ಹೋಗುತ್ತವೆ. ಫೈಲ್‌ಗಳೆಲ್ಲ ಡಿಸ್ಕ್ ಮೇಲೆ ನೆಟ್ಟಗಿರುತ್ತವೆ.

ಪರಿಹಾರ ಮೂರಿವೆ, ಮೂರೂ ಮಾಡಿ ನೋಡಿದ್ದೇನೆ. ಎಸ್ಎಒ ಅಥವಾ ಡಿಎಒ ವಿಧಾನದಲ್ಲಿ, ಅಂದರೆ ನಡುವೆ ಲೇಸರ್ ನಿಲ್ಲಿಸದೆ ಒಂದೇ ಸಮ, ಬರೆದರೆ ಆ ಬಾಲವೇ ಇರುವುದಿಲ್ಲ. ಟಿಎಒ ಬೇಕೇ ಬೇಕು ಅಂದರೆ ಕೊನೆಗೆ 150 ಸೆಕ್ಟರ್, ಅಂದರೆ 300 ಕೆಬಿ ಸೊನ್ನೆ ತುಂಬಿಸಿ. ಕರ್ನಲ್ ಎಡವಿದರೂ ಸೊನ್ನೆಗಳ ಮೇಲೆ ಎಡವುತ್ತದೆ. ಮೂರನೆಯದು, ತಾಳೆ ನೋಡುವಾಗ ಐಎಸ್ಒ ಫೈಲ್‌ನ ಉದ್ದದಷ್ಟು ಬೈಟ್ ಮಾತ್ರ ಡಿಸ್ಕ್‌ನಿಂದ ಓದಿ. ಸೊನ್ನೆ ತುಂಬಿಸಿದ ಡಿಸ್ಕ್‌ಗೂ ಹೀಗೇ ಓದಬೇಕು, ಇಲ್ಲದಿದ್ದರೆ ಮೊತ್ತ ಕೂಡುವುದಿಲ್ಲ. ಇದು ಗೊತ್ತಾದ ಮೇಲೆ ಹೊಲಕ್ಕೆ ಹೋಗಿ ಸಿಡಿ ಬಿಚ್ಚಿಕೊಂಡು ಬಂದೆ. ಎರಡು ಗೀರು ಬಿದ್ದು ಹೋಗಿದ್ದವು. ಒಂದು ತೆರೆಯಿತು.

ಇನ್ನು ಕೆ3ಬಿ. ಇದಕ್ಕೆ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಬಳಗದ ಒಂದು ರಾಶಿ ಲೈಬ್ರರಿ ಜೊತೆಗೇ ಬರುತ್ತದೆ, ಅದು ಒಂದು ಕಿರಿಕಿರಿ. ಆದರೆ ಇದು ಏನನ್ನೂ ಮುಚ್ಚಿಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೋಗ್ರಾಮ್ಸ್ ಅಂತ ಒಂದು ಪುಟ ಇದೆ. ಸಿಡಿಗೆ ಯಾವ ಕಮಾಂಡ್, ಡಿವಿಡಿಗೆ ಯಾವುದು, ಅದರ ಆವೃತ್ತಿ ಎಷ್ಟು, ಎಲ್ಲ ಅಲ್ಲಿ ಕಾಣುತ್ತದೆ. ಅಲ್ಲಿ ನೋಡಿದಾಗಲೇ ನನಗೆ ಗೊತ್ತಾದದ್ದು, ನನ್ನ ಕಂಪ್ಯೂಟರಿನಲ್ಲಿ ಸಿಡಿ ಬರೆಯುವ ಸಿಡಿರೆಕಾರ್ಡ್ ಕಮಾಂಡ್ ನಿಜವಾದ ಸಿಡಿರೆಕಾರ್ಡ್ ಅಲ್ಲ, ವೋಡಿಮ್ ಅಂತ. ಇದಕ್ಕೊಂದು ಹಿನ್ನೆಲೆ ಇದೆ. ಸಿಡಿರೆಕಾರ್ಡ್ ಬರೆದವರು ಯೋರ್ಗ್ ಶಿಲಿಂಗ್. ಅವರು ಅದರ ಲೈಸೆನ್ಸ್ ಬದಲಿಸಿದ ಮೇಲೆ ಜಗಳವಾಗಿ, 2006ರಲ್ಲಿ ಡೆಬಿಯನ್‌ನವರು ಹಳೆಯ ಕೋಡ್ ತೆಗೆದುಕೊಂಡು ಬೇರೆಯಾದರು. ಹಾಗೆ ಹುಟ್ಟಿದ್ದು ವೋಡಿಮ್. ಸಾಮಾನ್ಯ ಸಿಡಿಗೆ ಅದು ನಡೆಯುತ್ತದೆ. ಡಿವಿಡಿಗೆ ಅದನ್ನು ನಂಬಬೇಡಿ ಅನ್ನುವುದು ನನ್ನ ಅನುಭವ. ಕೆ3ಬಿ ಕೂಡ ಡಿವಿಡಿಗೆ ಗ್ರೋಐಸೋಎಫ್‌ಎಸ್ ಅನ್ನುವ ಬೇರೆ ಕಮಾಂಡನ್ನೇ ಕರೆಯುತ್ತದೆ.

ದೋಷ ಬಂದರೆ ಕೆ3ಬಿಯಲ್ಲಿ ಡೀಬಗ್ಗಿಂಗ್ ಔಟ್‌ಪುಟ್ ಬಟನ್ ಒತ್ತಿದರಾಯಿತು. ಅದು ಕೊಟ್ಟ ಕಮಾಂಡ್ ಸಾಲು, ಅದಕ್ಕೆ ಬಂದ ಉತ್ತರ, ಮೂರು ಅಂಕಿ, ಎಲ್ಲ ಒಂದೇ ಕಡೆ. ಡಿವಿಡಿ ಬರೆಯುವಾಗ ಒಮ್ಮೆ ಡಿಸ್ಕ್ ತಿರುಗುವ ಮುಂಚೆಯೇ ನಿಂತಿತು. ಔಟ್‌ಪುಟ್‌ನಲ್ಲಿ 33554432 ಬೈಟ್ ಮೆಮೊರಿ ಸಿಗಲಿಲ್ಲ ಅಂತ ಇತ್ತು. ಅಂದರೆ 32 ಎಂಬಿ. ಕಂಪ್ಯೂಟರಿನಲ್ಲಿ 4 ಜಿಬಿ ಇದೆ, ಇದಕ್ಕೆ 32 ಎಂಬಿ ಸಿಗಲಿಲ್ಲವಂತೆ! ಗ್ರೋಐಸೋಎಫ್‌ಎಸ್ ಆ 32 ಎಂಬಿ ಬಫರನ್ನು, ಅಂದರೆ ಬರೆಯುವ ಮುಂಚೆ ಡೇಟಾ ತುಂಬಿಡುವ ಜಾಗವನ್ನು, ಮೆಮೊರಿಯಲ್ಲಿ ಬೀಗ ಹಾಕಿ ಇಟ್ಟುಕೊಳ್ಳಲು ನೋಡುತ್ತದೆ. ಸಾಮಾನ್ಯ ಬಳಕೆದಾರನಿಗೆ ಹಾಗೆ ಬೀಗ ಹಾಕಲು ಇರುವ ಮಿತಿ ಕಡಿಮೆ. ಕೆ3ಬಿಯ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಬಫರ್ ಗಾತ್ರ ಕೈಯಿಂದಲೇ ಇಳಿಸಿದೆ, ಮುಂದಕ್ಕೆ ಹೋಯಿತು. ಇದೇ ದೋಷ ಬರಿಯ ಒಂದು ಪೆಟ್ಟಿಗೆಯಾಗಿ ಬಂದಿದ್ದರೆ ನಾನು ಇನ್ನೂ ಎರಡು ಡಿಸ್ಕ್ ಬದಲಿಸಿ ನೋಡುತ್ತಿದ್ದೆ.

ಆಡಿಯೋ ಸಿಡಿಗಂತೂ ಕೆ3ಬಿಯೇ. ಪಾರಿಜಾತದಲ್ಲಿ ಪದ ಒಂದಕ್ಕೊಂದು ಹೊಸೆದುಕೊಂಡು ಹೋಗುತ್ತದೆ. ನಾನು ಹುಡುಕಲು ಸುಲಭ ಆಗಲಿ ಅಂತ ಟ್ರ್ಯಾಕ್ ಕತ್ತರಿಸಿದ್ದೆ. ಮೊದಲು ಮಾಡಿದ ಸಿಡಿಯಲ್ಲಿ ಪ್ರತಿ ಟ್ರ್ಯಾಕ್ ನಡುವೆ ಎರಡು ಸೆಕೆಂಡ್ ಮೌನ. ಕಾಕಾ ಕೇಳಿ, "ಸತ್ಯಭಾಮೆ ನಡುವ ಉಸಿರು ಕಟ್ಟಿ ನಿಂತಾಂಗ ಆಗತೈತಿ. ತಬಲಾ ಎಲ್ಲಿ ಹೋತು?" ಅಂದರು. ಕೆ3ಬಿಯಲ್ಲಿ ಗ್ಯಾಪ್ ಸೊನ್ನೆ ಮಾಡಿ, ಡಿಎಒ ಆರಿಸಿ, ಸ್ಪೀಡ್ 16ಕ್ಕೆ ಇಳಿಸಿದೆ. ತಬಲಾ ವಾಪಸ್ ಬಂತು. ಕಾಕಾನ ಪ್ಲೇಯರ್ ಅಳಿಸಿ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯೂ ಮುಟ್ಟುವುದೇ ಇಲ್ಲ, ಅದಕ್ಕೆ ಪರೀಕ್ಷೆಗೂ ಒಮ್ಮೆ ಮಾತ್ರ ಬರೆಯುವ ಸಿಡಿ-ಆರ್ ಬೇಕು. ಆರ್‌ಡಬ್ಲ್ಯೂ ಡಿಸ್ಕ್ ಬೆಳಕನ್ನು ತೀರಾ ಕಡಿಮೆ ಹಿಂತಿರುಗಿಸುತ್ತದೆ, ಹಳೇ ಪ್ಲೇಯರ್‌ಗೆ ಕಾಣುವುದಿಲ್ಲ.

ಎಕ್ಸ್‌ಒರಿಸೋಗೆ ಬಂದದ್ದು ಡಿವಿಡಿಯ ಕಾರಣಕ್ಕೆ. 7 ಗಂಟೆಯ ವಾವ್ ಫೈಲ್‌ಗಳನ್ನು ಒಂದೇ ಟಾರ್ ಕಟ್ಟು ಮಾಡಿದ್ದೆ. ನಿಮಿಷಕ್ಕೆ ಸುಮಾರು 10.6 ಎಂಬಿ ಲೆಕ್ಕದಲ್ಲಿ ಅದು 4.4 ಜಿಬಿ ದಾಟಿತು. ಡಿವಿಡಿ 4.7 ಜಿಬಿ, ಹಿಡಿಯುತ್ತದೆ ಅಲ್ವಾ? ಹಿಡಿಯುತ್ತದೆ. ಆದರೆ ಒಂದೇ ಫೈಲ್ 4 ಜಿಬಿ ದಾಟಿದರೆ ಹಳೇ ಐಎಸ್ಒ ತಯಾರಿಸುವ ಕಮಾಂಡ್‌ಗಳು ಒಪ್ಪುವುದಿಲ್ಲ. ಎಕ್ಸ್‌ಒರಿಸೋ ಅಂಥ ಫೈಲನ್ನು ಒಳಗೇ ತುಂಡು ಮಾಡಿ ಬರೆಯುತ್ತದೆ, ಓದುವಾಗ ಒಂದೇ ಆಗಿ ಕಾಣುತ್ತದೆ. (ಅಂದಹಾಗೆ ಡಬ್ಬಿಯ ಮೇಲಿನ 4.7 ಕೆಲವು ಕಡೆ 4.37 ಅಂತ ಕಾಣುವುದು ಮೋಸ ಅಲ್ಲ. ಸಾವಿರದಿಂದ ಎಣಿಸುವುದು, 1024ರಿಂದ ಎಣಿಸುವುದು, ಅಷ್ಟೇ ವ್ಯತ್ಯಾಸ. ಡಿವಿಡಿ ಪ್ಲಸ್ ಆರ್ ಡಿಸ್ಕ್ ಮೈನಸ್ ಆರ್‌ಗಿಂತ ಸುಮಾರು 7 ಎಂಬಿ ಚಿಕ್ಕದು, ಕಂಠಪೂರ್ತಿ ತುಂಬುವವರು ನೆನಪಿಡಿ.)

ಇದರಲ್ಲಿ ಕಿಟಕಿ ಇಲ್ಲ, ಬಟನ್ ಇಲ್ಲ. ಆದರೆ ನಾಲ್ಕರಲ್ಲಿ ನೇರವಾಗಿ ಮಾತಾಡುವುದು ಇದೇ. ಮೂರು ಅಂಕಿಯನ್ನು ಚೌಕ ಆವರಣದಲ್ಲಿ ಕೊಟ್ಟು, ಪಕ್ಕದಲ್ಲೇ ಅದರ ಅರ್ಥ ಬರೆಯುತ್ತದೆ. 3 0ಸಿ 00 ಬಂದರೆ ಮಾಧ್ಯಮದ ದೋಷ, ಬರೆಯಲು ಆಗಲಿಲ್ಲ ಅಂತ ಅಲ್ಲೇ ಇಂಗ್ಲಿಷ್‌ನಲ್ಲಿ ಓದಬಹುದು. ಅದಕ್ಕಿಂತ ನನಗೆ ಹಿಡಿಸಿದ್ದು, ಕೇಳಿಕೊಂಡರೆ ಬರೆಯುವಾಗಲೇ ಪ್ರತಿ ಫೈಲ್‌ನ ಎಂಡಿ5 ಡಿಸ್ಕ್‌ನೊಳಗೆ ಸೇರಿಸುತ್ತದೆ. ನಾಲ್ಕು ವರ್ಷ ಬಿಟ್ಟು ಡಿಸ್ಕ್ ತಪಾಸಣೆ ಮಾಡು ಅಂದರೆ, ಮೂಲ ಫೈಲ್ ಇಲ್ಲದಿದ್ದರೂ ಎಲ್ಲಿಂದ ಎಲ್ಲಿವರೆಗೆ ಚೆನ್ನಾಗಿದೆ, ಎಲ್ಲಿ ಕೊಳೆತಿದೆ ಅಂತ ಪಟ್ಟಿ ಕೊಡುತ್ತದೆ. ಆಡಿಯೋ ಸಿಡಿಗೆ ಮಾತ್ರ ಇದನ್ನು ಹಿಡಿಯಬೇಡಿ, ಇದರ ಕೆಲಸವೇ ಡೇಟಾ.

ನಾಲ್ಕೂ ಸೋತದ್ದು ಒಂದು ಕಡೆ, ಯುಎಸ್‌ಬಿ ರೈಟರ್‌ನಲ್ಲಿ. ಅರ್ಧ ಬರೆದ ಮೇಲೆ ನಿಲ್ಲುತ್ತಿತ್ತು. ಯಾವುದೂ ಕಾರಣ ಹೇಳಲಿಲ್ಲ. ಕರ್ನಲ್‌ನ ಲಾಗ್ ಹೇಳಿತು, ಸಾಧನವೇ ಕಳಚಿಕೊಂಡಿದೆ ಅಂತ. ಯುಎಸ್‌ಬಿ 2ರ ಪೋರ್ಟ್ ಕೊಡುವುದು 500 ಮಿಲಿ ಆಂಪ್, ಬರೆಯುವಾಗ ಲೇಸರ್‌ಗೆ ಮತ್ತು ಮೋಟರ್‌ಗೆ ಅದು ಸಾಲುತ್ತಿರಲಿಲ್ಲ. ಮುಂದಿನ ಪೋರ್ಟ್ ಬಿಟ್ಟು ಹಿಂದಿನ ಪೋರ್ಟ್‌ಗೆ, ಎರಡು ತಲೆಯ ಕೇಬಲ್‌ನಲ್ಲಿ ಹಾಕಿದ ಮೇಲೆ ಸರಿಯಾಯಿತು. ಇಂಥ ತೆಳ್ಳನೆಯ ಡ್ರೈವ್‌ಗೆ ಟ್ರೇಯನ್ನು ತಾನೇ ಒಳಗೆ ಎಳೆದುಕೊಳ್ಳಲು ಬರುವುದಿಲ್ಲ. ಬರೆದ ಮೇಲೆ ತಾಳೆ ನೋಡಲು ಕೆ3ಬಿ ಡಿಸ್ಕ್ ಹೊರಗೆ ತಳ್ಳಿ ಕಾಯುತ್ತಾ ಕೂರುತ್ತದೆ, ನೀವೇ ಒತ್ತಬೇಕು. ಇದು ಗೊತ್ತಿಲ್ಲದೆ ನಾನು ಚಹಾ ಕುಡಿದು ಬರುವಷ್ಟು ಹೊತ್ತು ಸುಮ್ನೆ ಹೋಯಿತು.

ಈಗ ನನ್ನ ಕಂಪ್ಯೂಟರಿನಲ್ಲಿ ಬ್ರಸೇರೋ ಇಲ್ಲ. ಹಾಡಿಗೆ ಕೆ3ಬಿ, ಕಾಪಾಡುವುದಕ್ಕೆ ಎಕ್ಸ್‌ಒರಿಸೋ. ಎಕ್ಸ್‌ಎಫ್‌ಬರ್ನ್ ಉಳಿಸಿದ್ದೇನೆ, ಜಾಗ ತಿನ್ನುವುದಿಲ್ಲ ಅಂತ.

ಆರೂ ಸಿಡಿ ಕಾಕಾಗೆ ಕೊಟ್ಟೆ. ಆರನೆಯದರಲ್ಲಿ 20 ನಿಮಿಷ ಮಾತ್ರ ಇತ್ತು. "ಉಳಿದ ಜಾಗಾ ಯಾಕ ಖಾಲಿ ಬಿಟ್ಟಿ? ಎರಡು ಭಜನಿ ಪದಾ ಹಾಕು" ಅಂದರು. ಡಿಎಒದಲ್ಲಿ ಬರೆದ ಸಿಡಿ ಅಲ್ಲಿಗೇ ಮುಚ್ಚಿಹೋಗುತ್ತದೆ, ಮತ್ತೆ ಸೇರಿಸಲು ಬರುವುದಿಲ್ಲ ಅಂತ ಹೇಳಿ ನೋಡಿದೆ. ಕೇಳಲಿಲ್ಲ. ಭಾನುವಾರ ಹೊಸ ಡಿಸ್ಕ್ ತರಬೇಕು.