ರೆಫ್ಯೂಜಿಯಂ: ಹ್ಯಾಂಗ್-ಆನ್ ಡಬ್ಬಿ, ಸಂಪ್, ಸ್ಕ್ರಬ್ಬರ್ ಮೂರನ್ನೂ ಬಳಸಿ ನೋಡಿದ ಮೇಲೆ

ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಅಕ್ವೇರಿಯಂ ಇಟ್ಟವರಿಗೆ ಎರಡು ಚಿಂತೆ ಯಾವಾಗಲೂ ಇರುತ್ತವೆ. ಮೀನಿಗೆ ಹಾಕಿದ ಆಹಾರ ಕೊನೆಗೆ ನೈಟ್ರೇಟ್, ಫಾಸ್ಫೇಟ್ ಆಗಿ ನೀರಲ್ಲೇ ಉಳಿಯುತ್ತದೆ, ಅದನ್ನು ಹೊರಗೆ ಹಾಕಬೇಕು. ಜೊತೆಗೆ ಕೋಪೆಪಾಡ್‌ನಂಥ ಸಣ್ಣ ಜೀವಿಗಳು ಮೀನಿನ ಬಾಯಿಗೆ ಸಿಗದೆ ಮರಿ ಮಾಡಲು ಒಂದು ಜಾಗ ಬೇಕು. ಪಾಚಿ ಬೆಳೆಸುವ ಒಂದು ಪ್ರತ್ಯೇಕ ಕೋಣೆ ಈ ಎರಡೂ ಕೆಲಸ ಮಾಡುತ್ತದೆ. ಅದೇ ರೆಫ್ಯೂಜಿಯಂ.

ನನ್ನ ಟ್ಯಾಂಕ್ ಬೆಂಗಳೂರಿನ ಮನೆಯ ಹಾಲ್‌ನಲ್ಲಿದೆ. 4 ಅಡಿ ಉದ್ದ, ಸುಮಾರು 250 ಲೀಟರ್ ನೀರು. ಜೊಯಾಂತಿಡ್, ಮಶ್ರೂಮ್, ಲೆದರ್‌ನಂಥ ಮೆತ್ತನೆಯ ಹವಳಗಳು, ಒಂದು ಜೋಡಿ ಕ್ಲೌನ್ ಮೀನು, ಒಂದು ಮ್ಯಾಂಡರಿನ್ ಮೀನು. ಇದೇ ಟ್ಯಾಂಕಿಗೆ ಬೇರೆ ಬೇರೆ ಕಾಲದಲ್ಲಿ ಮೂರು ಥರದ ವ್ಯವಸ್ಥೆ ಹಾಕಿ ನೋಡಿದ್ದೇನೆ.

ಮೊದಲು ಹ್ಯಾಂಗ್-ಆನ್ ಡಬ್ಬಿ. ಟ್ಯಾಂಕಿನ ಹಿಂದೆ ನೇತುಹಾಕುವ ಅಕ್ರಿಲಿಕ್ ಡಬ್ಬಿ ಇದು. ಸಣ್ಣ ಪಂಪ್ ನೀರು ತುಂಬಿಸುತ್ತದೆ, ತುಂಬಿದ ನೀರು ತಾನೇ ವಾಪಸ್ ಬೀಳುತ್ತದೆ. ಹಾಕುವುದು ಸುಲಭ, ಕರೆಂಟ್ ಹೋದರೂ ನೆಲ ಒದ್ದೆಯಾಗುವ ಭಯ ಇಲ್ಲ. ಆದರೆ ನಾಲ್ಕೈದು ಲೀಟರ್ ಜಾಗದಲ್ಲಿ ಬೆಳೆಯುವ ಪಾಚಿ ಎಷ್ಟು ತಾನೇ ಹೀರುತ್ತೆ? ನನ್ನಲ್ಲಿ 25 ಪಿಪಿಎಂ ಇದ್ದ ನೈಟ್ರೇಟ್ 20ರ ಆಸುಪಾಸಲ್ಲೇ ನಿಂತುಬಿಟ್ಟಿತು. 60-70 ಲೀಟರಿನ ನ್ಯಾನೋ ಟ್ಯಾಂಕ್, ಕೆಳಗೆ ಸಂಪ್ ಇಡಲು ಜಾಗವಿಲ್ಲ ಅನ್ನುವವರಿಗೆ ಇದು ಚೆನ್ನಾಗಿದೆ. ಅದಕ್ಕಿಂತ ದೊಡ್ಡದಕ್ಕೆ ಬೇಡ.

ಆಮೇಲೆ ಸಂಪ್. ಟ್ಯಾಂಕಿನ ಕೆಳಗೆ ಇಡುವ ಎರಡನೇ ತೊಟ್ಟಿ ಇದು. ಮೇಲಿನ ನೀರು ಇದಕ್ಕೆ ಇಳಿಯುತ್ತದೆ, ಪಂಪ್ ಅದನ್ನು ವಾಪಸ್ ಮೇಲಕ್ಕೆ ಕಳಿಸುತ್ತದೆ. ಕ್ಯಾಬಿನೆಟ್ ಒಳಗೆ 3 ಅಡಿಯ ಗಾಜಿನ ಸಂಪ್ ಮಾಡಿಸಿ, ನಡುವಿನ ಸುಮಾರು 40 ಲೀಟರ್ ಭಾಗವನ್ನು ಪಾಚಿಗೆ ಬಿಟ್ಟೆ. ಪಾಚಿ ಅಂದರೆ ಕೀಟೊಮಾರ್ಫಾ. ನಾವೆಲ್ಲ ಕೀಟೋ ಅಂತ ಕರೆಯುವುದು ಇದನ್ನೇ. ನೋಡಲು ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆಯ ಹಾಗೆ. ಬೇರು ಬಿಡುವುದಿಲ್ಲ, ಕಲ್ಲಿಗೆ ಅಂಟುವುದಿಲ್ಲ, ಬೇಕಾದಾಗ ಎತ್ತಿ ಅರ್ಧ ಕಿತ್ತು ಬಿಸಾಡಬಹುದು. ಮೇಲೆ ಗಿಡ ಬೆಳೆಸುವ 18 ವ್ಯಾಟ್‌ನ ಎಲ್‌ಇಡಿ. ಡಿಸ್‌ಪ್ಲೇ ಟ್ಯಾಂಕಿನ, ಅಂದರೆ ಮೇಲಿನ ಮುಖ್ಯ ಟ್ಯಾಂಕಿನ ಲೈಟ್ ಆರಿದ ಮೇಲೆ ಇದು ಹತ್ತುತ್ತದೆ, ಬೆಳಗಿನ ತನಕ ಉರಿಯುತ್ತದೆ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿಯುತ್ತದಲ್ವಾ, ಆ ಹೊತ್ತಿಗೆ ಕೆಳಗಿನ ಪಾಚಿ ಅದನ್ನು ಹೀರಿಕೊಳ್ಳುತ್ತದೆ. ಬೆಳಗ್ಗೆ ಎದ್ದು ನೋಡಿದರೆ 7.8 ಇರುತ್ತಿದ್ದ ಪಿಎಚ್ 8ರ ಹತ್ತಿರಕ್ಕೆ ಬಂತು. ನೈಟ್ರೇಟ್ ನಿಧಾನವಾಗಿ ಇಳಿದು 5ಕ್ಕೆ ನಿಂತಿತು, ಫಾಸ್ಫೇಟ್ 0.2ರಿಂದ 0.05ಕ್ಕೆ.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಪಾಡ್‌ಗಳು, ಅಂದರೆ ಕೋಪೆಪಾಡ್‌ನಂಥ ಆ ಸಣ್ಣ ಜೀವಿಗಳು. ಕೀಟೋ ಉಂಡೆಯನ್ನು ಟ್ಯಾಂಕಿನದೇ ನೀರಿರುವ ಬಿಳಿ ಬಕೆಟ್‌ನಲ್ಲಿ ಅದ್ದಿ ಒಂದು ಸಲ ಒದರಿ ನೋಡಿ. ತಳದಲ್ಲಿ ಬಿಳಿ ಚುಕ್ಕಿಗಳು ಓಡಾಡುತ್ತವೆ, ಅವು ಕೋಪೆಪಾಡ್. ಸೀಗಡಿ ಮರಿಯ ಹಾಗೆ ಬೆನ್ನು ಬಗ್ಗಿಸಿಕೊಂಡು ಪಕ್ಕಕ್ಕೆ ಜಾರುವವು ಆಂಫಿಪಾಡ್. ಒಂದೆರಡು ಕಡಲೆ ಬೇಳೆ ಗಾತ್ರದ ಬ್ರಿಟಲ್ ಸ್ಟಾರ್‌ಗಳೂ (ನಕ್ಷತ್ರ ಮೀನಿನಂಥ ಜೀವಿಗಳು) ಸಿಗುತ್ತವೆ. ಆ ನೀರನ್ನು ಹಾಗೇ ಡಿಸ್‌ಪ್ಲೇ ಟ್ಯಾಂಕಿಗೆ ಸುರಿಯುತ್ತೇನೆ. ಮ್ಯಾಂಡರಿನ್ ಮೀನು ಒಣ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ದಿನವಿಡೀ ಪಾಡ್ ಹೆಕ್ಕುತ್ತಲೇ ಇರಬೇಕು. ಪಾಡ್ ಸಾಲದ ಟ್ಯಾಂಕಿನಲ್ಲಿ ಅದರ ಹೊಟ್ಟೆ ಒಳಗೆ ಸೇರಿಕೊಂಡು, ತಿಂಗಳುಗಳಲ್ಲಿ ಹಸಿವಿನಿಂದಲೇ ಸಾಯುತ್ತದೆ. ನಮ್ಮದು ಈಗ ದುಂಡಗಿದೆ.

ನಮ್ಮ ದೇಶದಲ್ಲಿ ಇದು ಇನ್ನೂ ಮುಖ್ಯ. ರೀಫ್ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಶೆಡ್ಯೂಲ್‌ಗೆ ಸೇರಿವೆ. ಸಮುದ್ರದಿಂದ ಹವಳದ ಕಲ್ಲು ಎತ್ತಿ ತರುವ ಮಾತೇ ಇಲ್ಲ, ತರಲೂಬಾರದು. ಹಾಗಾಗಿ ನಾವು ಸೆರಾಮಿಕ್ ಕಲ್ಲಿನಿಂದಲೋ ಕೈಯಲ್ಲಿ ಮಾಡಿದ ಒಣ ಕಲ್ಲಿನಿಂದಲೋ ಶುರು ಮಾಡುತ್ತೇವೆ. ಅದರಲ್ಲಿ ಒಂದು ಪಾಡ್ ಕೂಡ ಇರುವುದಿಲ್ಲ. ಆರೋಗ್ಯವಾಗಿರುವ ಹಳೇ ಟ್ಯಾಂಕ್ ಇರುವ ಗೆಳೆಯರಿಂದ ಒಂದು ಹಿಡಿ ಕೀಟೋ ತನ್ನಿ. ಪಾಚಿ, ಪಾಡ್ ಎರಡೂ ಒಟ್ಟಿಗೇ ಬರುತ್ತವೆ.

ಕೀಟೋ ಬದಲು ಕಾಲರ್ಪಾ ಅನ್ನುವ ಇನ್ನೊಂದು ಪಾಚಿ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಚೆಂದ ಕಾಣುತ್ತೆ, ಬೇಗ ಬೆಳೆಯುತ್ತೆ, ನಿಜ. ಆದರೆ ಅದು ಒಂದೊಂದು ಸಲ ಸಂತಾನೋತ್ಪತ್ತಿಗೆ ಹೊರಟು ಒಳಗಿನದನ್ನೆಲ್ಲ ನೀರಿಗೆ ಬಿಟ್ಟು ಸಾಯುತ್ತದೆ. ಎಲೆ ಬಿಳಿಚಿ ಗಾಜಿನಂತಾಗುತ್ತದೆ, ನೀರು ಹಾಲಾಗುತ್ತದೆ, ಹೀರಿದ್ದೆಲ್ಲ ವಾಪಸ್. 1984ರಲ್ಲಿ ಮೊನಾಕೊ ತೀರದಲ್ಲಿ ಕಂಡ ಕಾಲರ್ಪಾ ಟ್ಯಾಕ್ಸಿಫೋಲಿಯಾ ಮೆಡಿಟರೇನಿಯನ್‌ನಲ್ಲಿ ಹಬ್ಬಿದ್ದು ಗೊತ್ತಲ್ವಾ, ಅದೂ ಅಕ್ವೇರಿಯಂ ತಳಿಯೇ. ಯಾವ ಪಾಚಿಯೇ ಆಗಲಿ, ಕತ್ತರಿಸಿದ್ದನ್ನು ಬಿಸಿಲಲ್ಲಿ ಒಣಗಿಸಿ ಕಸಕ್ಕೆ ಹಾಕಿ. ಮಂಗಳೂರು, ಉಡುಪಿ ಕಡೆಯವರು ದಯವಿಟ್ಟು ಸಮುದ್ರಕ್ಕೂ ತೋಡಿಗೂ ಬಿಡಬೇಡಿ.

ಮೂರನೆಯದು ಆಲ್ಗೇ ಟರ್ಫ್ ಸ್ಕ್ರಬ್ಬರ್. ಇದರ ಮೂಲ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದ ವಾಲ್ಟರ್ ಏಡಿ ಅವರ ಕೆಲಸ. ಒರಟು ಮಾಡಿದ ಪ್ಲಾಸ್ಟಿಕ್ ಜಾಲರಿಯ ಮೇಲೆ ನೀರು ಪರದೆಯ ಹಾಗೆ ಇಳಿಯುತ್ತಿರುತ್ತದೆ, ಎರಡೂ ಕಡೆಯಿಂದ ಜೋರು ಬೆಳಕು. ಮೊದಲು ಕಂದು ಲೋಳೆ, ಆಮೇಲೆ ಹಸಿರು ಕೂದಲಿನಂಥ ಪಾಚಿ ದಟ್ಟವಾಗಿ ಕೂರುತ್ತದೆ. ಹೀರುವ ವಿಷಯದಲ್ಲಿ ಇದರ ಮುಂದೆ ಉಳಿದೆರಡೂ ನಿಲ್ಲಲ್ಲ. ಪುಸ್ತಕದ ಗಾತ್ರದ ಜಾಲರಿ ನನ್ನ 40 ಲೀಟರ್ ಕೋಣೆಯ ಕೆಲಸವನ್ನು ಇನ್ನೂ ಬೇಗ ಮಾಡಿತು, ನೈಟ್ರೇಟ್ 2ರ ಹತ್ತಿರ ಇಳಿಯಿತು.

ಆದರೆ ವಾರ ವಾರ ಬಿಡದೆ ಜಾಲರಿ ತೆಗೆದು, ಹಳೇ ಎಟಿಎಂ ಕಾರ್ಡಿನಂಥದ್ದರಲ್ಲಿ ಕೆರೆದು, ಸಿಹಿನೀರಲ್ಲಿ ತೊಳೆಯಬೇಕು. ಬಿಟ್ಟರೆ ಒಳಪದರಕ್ಕೆ ಬೆಳಕು ಸಿಗದೆ ಕೊಳೆತು ಕಳಚುತ್ತದೆ. ಸಿಹಿನೀರು ಯಾಕೆ ಅಂದರೆ, ಜಾಲರಿಯಲ್ಲಿ ಸೇರಿದ ಪಾಡ್‌ಗಳು ಪಾಚಿಯನ್ನೇ ಮೇಯುತ್ತವೆ, ಅವನ್ನು ಕೊಲ್ಲಲೇಬೇಕು. ಮ್ಯಾಂಡರಿನ್ ಸಾಕುವವರಿಗೆ ಇದು ಒಪ್ಪುವ ಮಾತಲ್ಲ. ನೀರು ತೆಳು ಹಳದಿಗೆ ತಿರುಗುತ್ತದೆ, ಬಣ್ಣ ಹೀರುವ ಇದ್ದಿಲು (ಕಾರ್ಬನ್) ಹಾಕಬೇಕು. ಕರೆಂಟ್ ತುಂಬ ಹೊತ್ತು ಹೋದರೆ ಜಾಲರಿ ಒಣಗುತ್ತದೆ, ಸಂಪ್‌ನ ಕೀಟೋ ಮಾತ್ರ ನೀರಲ್ಲೇ ಇರುತ್ತದೆ. ಬಿಲ್ ನೋಡಿದರೆ ಸಂಪ್ ಲೈಟಿಗೆ ತಿಂಗಳಿಗೆ ಆರೇಳು ಯೂನಿಟ್, ಸ್ಕ್ರಬ್ಬರ್‌ಗೆ ಅದರದೇ ಪಂಪ್ ಸೇರಿ 20ರ ಹತ್ತಿರ.

ಮೀನು ಜಾಸ್ತಿ, ಆಹಾರ ಜಾಸ್ತಿ, ನೈಟ್ರೇಟ್ ಇಳಿದರೆ ಸಾಕು ಅನ್ನುವ ಟ್ಯಾಂಕಿಗೆ ನಾನು ಸ್ಕ್ರಬ್ಬರ್ ಹೇಳುತ್ತೇನೆ. ನನ್ನ ಟ್ಯಾಂಕಿನಲ್ಲಿ ಸಂಪ್ ರೆಫ್ಯೂಜಿಯಂ ಉಳಿಯಿತು, ಸ್ಕ್ರಬ್ಬರ್ ತೆಗೆದೆ. ಸಂಪ್ ಮಾಡಿಸುವಾಗ ಒಂದನ್ನು ಗಮನಿಸಿ: ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಖಾಲಿ ಜಾಗ ಇರಲೇಬೇಕು. ಪಂಪ್ ಆಫ್ ಮಾಡಿ ನೀರು ಎಲ್ಲಿಗೆ ನಿಲ್ಲುತ್ತದೆ ಅಂತ ನೋಡಿ ಗೆರೆ ಹಾಕಿಕೊಳ್ಳಿ. ಪಾಚಿ ಚೆನ್ನಾಗಿ ಹಿಡಿದ ಮೇಲೆ ಟೆಸ್ಟ್ ಕಿಟ್ ಮರೆಯಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದರೆ ಹವಳ ಬಿಳಿಚುತ್ತದೆ, ಡೈನೋ ಅನ್ನುವ ಕಂದು ಲೋಳೆ ಬರುವ ಸಾಧ್ಯತೆ ಜಾಸ್ತಿ. ನೈಟ್ರೇಟ್ 2ಕ್ಕಿಂತ ಕೆಳಗೆ ಹೋಗುವ ಹಾಗೆ ಕಂಡರೆ ಲೈಟನ್ನು 12 ಗಂಟೆಯಿಂದ 8ಕ್ಕೆ ಇಳಿಸಿ, ಮೀನಿಗೆ ಸ್ವಲ್ಪ ಧಾರಾಳವಾಗಿ ಆಹಾರ ಹಾಕಿ.